ಪರಂಗಿ ಮಾಸ್ಟರ ಕೋಲು

ಪರಂಗಿ ಮಾಸ್ಟರು ನನ್ನನ್ನು ಹೊಡೆದದ್ದು ಪರಿಚಯವಾದ ಮೊದಲ ದಿನವೇ. ನಾನಾಗ ಚಿಕ್ಕವನೇನಲ್ಲ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದೆ, ಮದುವೆಯಾಗಿತ್ತು, ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬಂದು ಹೋಗುವವರ ನಡುವೆ ತಕ್ಕಮಟ್ಟಿಗೆ ಮರ್ಯಾದೆಯೂ ಇತ್ತು. ಕಾರ್ನೆಟ್ ಎಂಬ ಚಿಕ್ಕ ಹಿತ್ತಾಳೆ ತುತ್ತೂರಿ ಊದುವುದನ್ನು ಸೋದರಮಾವನಿಂದ ಕಲಿತಿದ್ದೆ. ಅವನು ಮದುವೆ ಬ್ಯಾಂಡಿನವನು. ಗಣಿಯ ಬ್ಯಾಂಡಿಗೆ ಹೊಸ ಮಾಸ್ಟರು ಬಂದಿದ್ದಾರೆ, ಜನ ಬೇಕಂತೆ ಎಂದು ಕೇಳಿ ಚಾಂಪಿಯನ್ ರೀಫ್ಸಿನ ತಗಡಿನ ಶೆಡ್ಡಿಗೆ ಹೋದೆ. ಅವರೆದುರು ನಿಂತು, ಹತ್ತಾರು ಮದುವೆಗಳಲ್ಲಿ ಭೇಷ್ ಅನಿಸಿಕೊಂಡಿದ್ದ ಒಂದು ಧಾಟಿಯನ್ನು ಊದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಬೆರಳ ಗೆಣ್ಣುಗಳ ಮೇಲೆ ಹುಣಸೆಯ ಕೋಲು ಬಿತ್ತು. ಕಾರ್ನೆಟ್ ಕೈಜಾರಿ ನೆಲಕ್ಕುರುಳಿತು.

"ಕೂಗಬೇಡ," ಎಂದರು. "ಹಾಡು."

ನಾನು ಕಾರ್ನೆಟ್ ಎತ್ತಿಕೊಂಡೆ. ಅವರಿಗೆ ತಿರುಗಿಸಿ ಬಿಡಬೇಕು ಅನ್ನಿಸಿತ್ತು. ಆದರೆ ಅಷ್ಟರಲ್ಲಿ ಅವರು ನಾನು ಊದಿದ್ದ ಅದೇ ಧಾಟಿಯನ್ನು ಬಾಯಲ್ಲಿ, ಬರೀ ಮೂಗುಸ್ವರದಲ್ಲಿ ಗುನುಗಿ ತೋರಿಸಿದರು. ಹೆಣ್ಣನ್ನು ಕಳಿಸಿಕೊಡುವ ಹೊತ್ತಿನ ಧಾಟಿ ಅದು. ಅವರು ಗುನುಗಿದಾಗ ನನಗೆ ನನ್ನ ತಂಗಿಯ ಮದುವೆ ನೆನಪಾಯಿತು. ಅಷ್ಟು ವರ್ಷ ಅದನ್ನು ಊದಿಯೂ ನನಗೆ ಹಾಗೆ ಆಗಿರಲಿಲ್ಲ. ಬೆರಳು ಊದಿಕೊಂಡಿದ್ದರೂ ಮತ್ತೆ ನುಡಿಸಿದೆ.

"ನಾಳೆ ಬಾ," ಎಂದರು.

ಅವರ ನಿಜವಾದ ಹೆಸರು ಕೊನೆಯವರೆಗೂ ನಮ್ಮ ನಾಲಿಗೆಗೆ ಹೊರಳಲಿಲ್ಲ. ಫ್ರಾನ್ಸಿನವರು. ಪಾಂಡಿಚೇರಿಯಲ್ಲಿ ಫ್ರೆಂಚರ ಸಿಪಾಯಿ ಬ್ಯಾಂಡಿಗೆ ಮಾಸ್ಟರಾಗಿದ್ದರಂತೆ. ಫ್ರೆಂಚರು ಆ ಊರು ಬಿಟ್ಟು ಹೊರಟಾಗ ಇವರು ಹಡಗು ಹತ್ತಲಿಲ್ಲ, ರೈಲು ಹತ್ತಿ ನಮ್ಮ ಕಡೆ ಬಂದರು. ಎತ್ತರದ ಆಳು, ಒಣಗಿದ ಮೈ, ಸುಟ್ಟಿಟ್ಟಿಗೆಯ ಬಣ್ಣದ ಕುತ್ತಿಗೆ. ಚಿಕ್ಕಂದಿನಲ್ಲಿ ಮೊದಲನೆಯ ಮಹಾಯುದ್ಧದ ಗುಂಡೊಂದು ಅವರ ಬೀದಿಯಲ್ಲೇ ಸಿಡಿದು ಬಲಗಿವಿ ಹೋಗಿತ್ತು. ಆದ್ದರಿಂದ ಯಾವಾಗಲೂ ತಲೆಯನ್ನು ಓರೆ ಮಾಡಿ, ಎಡಗಿವಿಯನ್ನು ನಮ್ಮ ಕಡೆ ಕೊಟ್ಟು ನಿಲ್ಲುತ್ತಿದ್ದರು. ಶೆಡ್ಡಿನಲ್ಲಿ ಖಾಕಿ ಚಡ್ಡಿ, ಮನೆಯಲ್ಲಿ ಲುಂಗಿ, ಎರಡೂ ಕಡೆ ಬೀಡಿ.

ಅವರ ಎರಡು ಕೈಗಳೂ ಒಬ್ಬನೇ ಮನುಷ್ಯನವು ಅಂತ ನನಗೆ ಅನ್ನಿಸುತ್ತಲೇ ಇರಲಿಲ್ಲ. ಮೆಲ್ಲಗೆ ಊದಿ ಎಂದು ಹೇಳಬೇಕಾದಾಗ ಎಡಗೈ ಗಾಳಿಯಲ್ಲಿ ಹರಡಿಕೊಂಡು, ನಿದ್ದೆಗೆ ಜಾರುತ್ತಿರುವ ಕೂಸಿನ ಮೇಲೆ ಬಟ್ಟೆ ಹೊದಿಸುವ ಹಾಗೆ ಇಳಿಯುತ್ತಿತ್ತು. ಅದೇ ಹೊತ್ತಿಗೆ ಬಲಗೈ ಹುಣಸೆ ಕೋಲನ್ನು ಬಿಗಿಹಿಡಿದು ಯಾರ ತಪ್ಪಿಗೆ ಕಾಯುತ್ತಿದೆಯೋ ಎಂದು ನಮಗೆ ಮೈ ಬೆವರುತ್ತಿತ್ತು. ತಪ್ಪು ಬಂತೋ, ಕೋಲು ಬೀಳುತ್ತಿತ್ತು. ಹೆಗಲಿಗೆ, ಮೊಣಕೈಗೆ, ಮಂಡಿಗೆ. ಕೋಲಿಗೆ ಸಿಗದಷ್ಟು ಹಿಂದಿನ ಸಾಲಿನವರಿಗೆ ಹಾಳೆ ಇಡುವ ಸ್ಟ್ಯಾಂಡು ಹಾರಿ ಬರುತ್ತಿತ್ತು. ಕ್ಲ್ಯಾರಿನೆಟ್ಟಿನವನೊಬ್ಬನ ಹುಬ್ಬು ಹಾಗೆ ಸೀಳಿತು. ಅವನು ರಕ್ತ ಒರೆಸಿಕೊಳ್ಳುತ್ತಿದ್ದರೆ ಮಾಸ್ಟರು, "ಮೊದಲಿಂದ," ಎಂದರು. ಅವರಿಗೆ ಚೆನ್ನಾಗಿ ಬರುತ್ತಿದ್ದ ಕನ್ನಡ ಪದ ಅದೊಂದೇ. ಉಳಿದದ್ದೆಲ್ಲ ಪಾಂಡಿಚೇರಿಯ ತಮಿಳು, ನಡುನಡುವೆ ಅವರ ಭಾಷೆಯ ಬೈಗುಳ. ದೊಡ್ಡ ಡ್ರಮ್ ಬಾರಿಸುತ್ತಿದ್ದ ಕುಪ್ಪನ್ ಆ ಬೈಗುಳವೊಂದನ್ನು ಕಲಿತು ಗಣಿ ಕೂಲಿಗಳ ಲೈನ್ ಮನೆಗಳ ಹತ್ತಿರ ತನ್ನ ಮೇಕೆಗಳ ಮೇಲೆ ಪ್ರಯೋಗಿಸುತ್ತಿದ್ದ.

ಇಷ್ಟಾದರೂ ಜನ ಯಾಕೆ ಬಿಟ್ಟು ಹೋಗಲಿಲ್ಲ ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಕೆಲವರು ಹೋದರು. ಉಳಿದವರಲ್ಲಿ ಬಹುಪಾಲು ಗಣಿಯ ಆಳಕ್ಕೆ ಇಳಿಯುವ ಕೆಲಸದವರು. ಅವರಿಗೆ ಏಟು ಹೊಸದಲ್ಲ. ಕೆಳಗೆ ಬಂಡೆ ಹೊಡೆಯುತ್ತಿತ್ತು, ಮೇಲೆ ಮೇಸ್ತ್ರಿ ಹೊಡೆಯುತ್ತಿದ್ದ, ಸಾರಾಯಿ ಅಂಗಡಿಯಲ್ಲಿ ಅವರವರೇ ಹೊಡೆದುಕೊಳ್ಳುತ್ತಿದ್ದರು. ಈ ಒಂದು ಶೆಡ್ಡಿನಲ್ಲಿ ಮಾತ್ರ ಏಟಿನ ಆಚೆ ಏನೋ ಇತ್ತು. ಎಲ್ಲರೂ ಸರಿಯಾಗಿ ನುಡಿಸಿದ ಕೆಲವು ಗಳಿಗೆಗಳಲ್ಲಿ ತಗಡಿನ ಸೂರು ಗುಂಯ್ ಎನ್ನುತ್ತಿತ್ತು. ಎದೆಯೊಳಗೆ ಏನೋ ಬಿಚ್ಚಿಕೊಂಡ ಹಾಗಾಗುತ್ತಿತ್ತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೊಂಡು ನೆಲ ನೋಡುತ್ತಿದ್ದೆವು.

ಆಂಡರ್ಸನ್‌ಪೇಟೆಯಲ್ಲಿ ಅವರಿಗೊಂದು ಮನೆಯಿತ್ತು. ಆರೋಗ್ಯಮ್ಮ ಎಂಬ ಹೆಂಗಸು ಅಲ್ಲಿ ಅವರ ಜತೆ ಇದ್ದಳು. ಅವಳ ಗಂಡ ಗಣಿಯಲ್ಲಿ ಸತ್ತಿದ್ದ. ಮಾಸ್ಟರಿಗೂ ಅವಳಿಗೂ ಚರ್ಚಿನಲ್ಲಿ ಮದುವೆಯಾಗಿರಲಿಲ್ಲ, ಆದರೆ ಯಾರಾದರೂ ಅದನ್ನು ಆಡಿದರೆ ಆರೋಗ್ಯಮ್ಮನ ಬಾಯಿಗೆ ನಿಲ್ಲುವ ಧೈರ್ಯ ಪೇಟೆಯಲ್ಲಿ ಯಾರಿಗೂ ಇರಲಿಲ್ಲ. ಅವರನ್ನು 'ದೊರೆ' ಎನ್ನುತ್ತಿದ್ದಳು, ನನ್ನನ್ನು 'ತಂಬಿ' ಎನ್ನುತ್ತಿದ್ದಳು. ಒಮ್ಮೆ ನಾನು ಧೈರ್ಯ ಮಾಡಿ ಅವಳನ್ನು ಕೇಳಿದ್ದೆ, ನಿಮ್ಮನ್ನೂ ಹೊಡೆಯುತ್ತಾರಾ ಎಂದು.

"ಒಂದು ದಪಾ ಕೈ ಎತ್ತಿದರು ತಂಬಿ," ಎಂದಳು. "ನಾನು ಅರಿವಾಳುಮಣೆ ಎತ್ತಿದೆ. ಆಮೇಲಿಂದ ಇಬ್ಬರೂ ಇಳಿಸಿಬಿಟ್ಟಿದೀವಿ."

ಅರಿವಾಳುಮಣೆ ಎಂದರೆ ನಮ್ಮ ಈಳಿಗೆಮಣೆ.

ಅವರು ತಮ್ಮ ಕಥೆ ಹೇಳಿದ್ದು ಆ ಮನೆಯ ಹಿತ್ತಿಲಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಕೋಳಿ ಕೊಯ್ದು ಪುಕ್ಕ ಕೀಳುತ್ತ ಕುಳಿತಿದ್ದರು. ಅವರ ಊರು ಫ್ರಾನ್ಸಿನ ಉತ್ತರದಲ್ಲಿ, ಕಲ್ಲಿದ್ದಲ ಗಣಿಯ ಊರು. ಅಪ್ಪ ಗಣಿ ಕೂಲಿ. ಅಲ್ಲೂ ಕೂಲಿಗಳದೇ ಬ್ಯಾಂಡು, ಭಾನುವಾರ ಕುತ್ತಿಗೆಗೆ ಬಿಳಿ ಪಟ್ಟಿ ಕಟ್ಟಿಕೊಂಡು ಚರ್ಚಿನ ಮುಂದೆ ನುಡಿಸುವುದು. ಅಪ್ಪ ಅದರಲ್ಲಿ ದೊಡ್ಡ ಕೊಂಬು ಊದುತ್ತಿದ್ದರು. ಗಣಿಯೊಳಗೆ ಬೆಂಕಿ ಬಿದ್ದು ಅಪ್ಪ ಸತ್ತಾಗ ಬ್ಯಾಂಡಿನವರೇ ದುಡ್ಡು ಕೂಡಿಸಿ ಮಗನನ್ನು ಪ್ಯಾರಿಸಿಗೆ ಸಂಗೀತ ಕಲಿಯಲು ಕಳಿಸಿದರು. ಅಲ್ಲಿ ಮೆಡಲು ಬಂತು. ತಾವೇ ಸಂಗೀತ ರಚಿಸಿದರು, ತಾವೇ ನಿಂತು ನಡೆಸಿದರು. ಪೇಪರಿನವರು ಅವರ ಬಗ್ಗೆ ಬರೆದರು. ಮೂವತ್ತು ದಾಟುವ ಹೊತ್ತಿಗೆ ಅವರ ಕೋಲಿನ ಕೆಳಗೆ ದೊಡ್ಡ ವಾದ್ಯಗೋಷ್ಠಿಯೊಂದು ಕುಳಿತಿತ್ತು.

"ಆಮೇಲೆ?" ಎಂದೆ.

"ಒಬ್ಬ ಪಿಟೀಲಿನವನು. ಒಳ್ಳೆ ವಾದ್ಯಗಾರ. ನಾನು ಬರೆದದ್ದನ್ನು ನೋಡಿ ನಕ್ಕ." ಕೋಳಿಯ ರೆಕ್ಕೆಯನ್ನು ಲಟಕ್ಕನೆ ಮುರಿದರು. "ಸ್ಟ್ಯಾಂಡು ಎಸೆದೆ. ಅದರ ಮೊನೆ ಅವನ ಕಣ್ಣಿಗೆ ಹೊಕ್ಕಿತು."

ಜೈಲು ಆಯಿತು. ಹೊರಗೆ ಬಂದಾಗ ಪ್ಯಾರಿಸಿನಲ್ಲಿ ಯಾವ ಬಾಗಿಲೂ ತೆರೆಯಲಿಲ್ಲ. ಹಳೆಯ ಸ್ನೇಹಿತನೊಬ್ಬ ಪಾಂಡಿಚೇರಿಯ ಕೆಲಸ ಕೊಡಿಸಿದ. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ಪಶ್ಚಾತ್ತಾಪವಿತ್ತೇ ಎಂದರೆ ನನಗೆ ಗೊತ್ತಿಲ್ಲ. ಸಮರ್ಥನೆಯಂತೂ ಇರಲಿಲ್ಲ. ಪುಕ್ಕವನ್ನೆಲ್ಲ ಒಟ್ಟುಮಾಡಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, "ಅವನು ಈಗಲೂ ಒಂದು ಕಣ್ಣಲ್ಲಿ ಹಾಳೆ ನೋಡಿ ನುಡಿಸುತ್ತಿರಬೇಕು. ನಾನು ನಿಮ್ಮ ಜತೆ ಇದ್ದೇನೆ," ಎಂದರು.

ಅವರು ನಮಗಾಗಿ ಬರೆದ ಸಂಗೀತಕ್ಕೆ ಅವರ ಭಾಷೆಯಲ್ಲಿ ಏನೋ ಹೆಸರಿತ್ತು. ನಾವು ತಮಿಳು ಬೆರೆಸಿ 'ಕೆಳಗಿನ ಪಾಟು', ಅಂದರೆ ಕೆಳಗಿನ ಹಾಡು, ಎನ್ನುತ್ತಿದ್ದೆವು. ಗಣಿಯ ಆಳಕ್ಕೆ ಜನ ಇಳಿಯುವುದರಿಂದ ಶುರು. ಟ್ರೊಂಬೋನು ಎಂಬ ಉದ್ದ ಕೊಂಬುಗಳು ತಗ್ಗಿ ತಗ್ಗಿ, ಕೇಳಿಸುವುದೋ ಇಲ್ಲವೋ ಎನ್ನುವಷ್ಟು ಕೆಳಕ್ಕೆ ಹೋಗುತ್ತವೆ. ಆಮೇಲೆ ಕತ್ತಲು. ಆ ಕತ್ತಲಲ್ಲಿ ಯೂಫೋನಿಯಂ ಒಂದೇ ಹಾಡುತ್ತದೆ. ಯೂಫೋನಿಯಂ ಎಂದರೆ ಮಗುವನ್ನು ಎತ್ತಿಕೊಂಡ ಹಾಗೆ ತೆಕ್ಕೆಯಲ್ಲಿ ಹಿಡಿದು ಊದುವ ದೊಡ್ಡ ಹಿತ್ತಾಳೆ ವಾದ್ಯ. ನಮ್ಮಲ್ಲಿ ಅದನ್ನು ಊದುತ್ತಿದ್ದವನು ಮುನಿಯಪ್ಪ. ಬಂಗಾರಪೇಟೆ ಪಕ್ಕದ ಹಳ್ಳಿಯವನು, ನನಗಿಂತ ಸ್ವಲ್ಪ ಚಿಕ್ಕವನು, ಗಣಿಯೊಳಗೆ ಬಂಡೆಗೆ ತೂತು ಕೊರೆಯುವ ಕೆಲಸ. ಅವನ ತಾಯಿ ರಾಗಿ ಬೀಸುವಾಗ ಹಾಡುವ ಧಾಟಿಯೊಂದನ್ನು ಅವನು ಸುಮ್ಮನೆ ಊದುತ್ತಿದ್ದದ್ದನ್ನು ಕೇಳಿ ಮಾಸ್ಟರು ಅದನ್ನೇ ಆ ಕತ್ತಲಿಗೆ ಇಟ್ಟಿದ್ದರು. ಅದು ಮುಗಿಯುವ ಮುನ್ನ ಕುಪ್ಪನ್‌ನ ದೊಡ್ಡ ಡ್ರಮ್ ಒಮ್ಮೆಲೇ ಬೀಳಬೇಕು. ಅದು ಬಂಡೆ ಸಿಡಿಯುವ ಸದ್ದು. ನಮ್ಮೂರಿನವರಿಗೆ ಅದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಆಳದ ಒತ್ತಡ ತಾಳಲಾರದೆ ಬಂಡೆ ಒಡೆದಾಗ ಮೇಲೆ ಮನೆಗಳಲ್ಲಿ ಪಾತ್ರೆಗಳು ಬೀಳುತ್ತಿದ್ದವು, ಹೆಂಗಸರು ಒಲೆಯ ಮುಂದಿನಿಂದ ಎದ್ದು ಬೀದಿಗೆ ಓಡುತ್ತಿದ್ದರು.

ಮುನಿಯಪ್ಪನಿಗೆ ಅವರು ಕೊಟ್ಟಷ್ಟು ಏಟು ಯಾರಿಗೂ ಕೊಟ್ಟಿರಲಿಲ್ಲ. ಅವನೂ ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ. "ನಂಗೆ ಒಡೀತಾರೆ ಅಂದ್ರೆ ನಂತಾವ ಏನೋ ಐತೆ ಅಂತ ತಾನೆ ಕಿಟ್ಟಣ್ಣ," ಎಂದು ನನಗೆ ಹೇಳುತ್ತಿದ್ದ.

ಆ ದಿನ ಅವನು ಪಾಳಿ ಮುಗಿಸಿ ಮನೆಗೂ ಹೋಗದೆ ನೇರ ಶೆಡ್ಡಿಗೆ ಬಂದಿದ್ದ. ಕಣ್ಣು ಕೆಂಪಗಿದ್ದವು, ತುಟಿ ಬಿರಿದಿತ್ತು. ತಾಯಿಯ ಧಾಟಿಯ ನಡುವೆ ಒಂದು ಕಡೆ ಉಸಿರು ಎಳೆಯದೆ ಉದ್ದಕ್ಕೆ ಹೋಗಬೇಕಿತ್ತು. ಅವನಿಗೆ ಆಗಲಿಲ್ಲ. ಮೊದಲಿಂದ ಎಂದರು. ಮತ್ತೆ ಆಗಲಿಲ್ಲ. ಮೊದಲಿಂದ. ಮತ್ತೆ ಅದೇ ಜಾಗದಲ್ಲಿ ಉಸಿರು ಕಡಿಯಿತು. ಮಾಸ್ಟರು ಕೋಲನ್ನು ಕೆಳಗೆ ಹಾಕಿದರು. ಇವತ್ತು ಬಿಟ್ಟರು ಎಂದು ನಾವೆಲ್ಲ ಅಂದುಕೊಳ್ಳುತ್ತಿರುವಾಗಲೇ ಮುಂದಕ್ಕೆ ನುಗ್ಗಿ, ಮುನಿಯಪ್ಪನ ಬಾಯಲ್ಲಿದ್ದ ಯೂಫೋನಿಯಂನ ಅಗಲ ಬಾಯಿಗೆ ಬಲಗೈಯ ಮುಷ್ಟಿಯಿಂದ ಗುದ್ದಿದರು.

ಅವರು ಗುದ್ದಿದ್ದು ವಾದ್ಯಕ್ಕೆ. ಆದರೆ ಊದುವ ಹಿತ್ತಾಳೆಯ ತುದಿ ಮುನಿಯಪ್ಪನ ಬಾಯೊಳಗೆ ಹೊಕ್ಕಿತು. ಕಲ್ಲು ಒಡೆದಂಥ ಸದ್ದು ಬಂತು. ಅವನು ವಾದ್ಯವನ್ನು ಕೆಳಗೆ ಬಿಡದೆ ತೆಕ್ಕೆಯಲ್ಲೇ ಹಿಡಿದುಕೊಂಡು ಮಂಡಿಯೂರಿದ. ಮುಂದಿನ ಹಲ್ಲುಗಳು ರಕ್ತದ ಜತೆ ವಾದ್ಯದ ಕೊಳವೆಯ ಮೇಲಿಂದ ಜಾರಿ ನೆಲಕ್ಕೆ ಬಿದ್ದವು. ಮೇಲ್ದುಟಿ ಎರಡಾಗಿ ಸೀಳಿತ್ತು.

ಹಿತ್ತಾಳೆ ವಾದ್ಯ ಊದುವವನಿಗೆ ಮುಂದಿನ ಹಲ್ಲು ಹೋದರೆ ಮುಗಿಯಿತು. ಅದು ಶೆಡ್ಡಿನಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಕುಪ್ಪನ್ ಎದ್ದು ಮಾಸ್ಟರ ಅಂಗಿ ಹಿಡಿದು ಗೋಡೆಗೆ ಒತ್ತಿದ. ಅವರು ಬಿಡಿಸಿಕೊಳ್ಳಲಿಲ್ಲ. ಕುಪ್ಪನ್‌ನ ಹೆಗಲ ಮೇಲಿಂದ ನೆಲದ ಮೇಲಿನ ಹಲ್ಲುಗಳನ್ನೇ ನೋಡುತ್ತಿದ್ದರು. ನಾನು ಮತ್ತಿಬ್ಬರು ಮುನಿಯಪ್ಪನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು.

ಮಾರನೆಯ ದಿನ ಮಾಸ್ಟರು ಆಸ್ಪತ್ರೆಗೆ ಬಂದರು. ಮಂಚದ ಪಕ್ಕ ನಿಂತರು. ಮುನಿಯಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ನರ್ಸ್ ಬಂದು 'ಇನ್ನು ಹೋಗಿ' ಎನ್ನುವವರೆಗೂ ಮಾಸ್ಟರು ಹಾಗೆಯೇ ನಿಂತಿದ್ದು ಹೋದರು.

ಅದಾದ ಭಾನುವಾರ ಅವರನ್ನು ನೋಡಲು ಆಂಡರ್ಸನ್‌ಪೇಟೆಗೆ ಹೋಗಿದ್ದೆ. ಶೆಡ್ಡಿಗೆ ಅವರು ಬರುವುದನ್ನೇ ಬಿಟ್ಟಿದ್ದರು. ಆರೋಗ್ಯಮ್ಮ ಒಳಗೆ ಅನ್ನ ಬಾಗಿಸುತ್ತಿದ್ದಳು. ಮಾಸ್ಟರು ಜಗಲಿಯ ಮೇಲೆ ಕುಳಿತಿದ್ದರು. ನಾನು ಕುಳಿತು ಸ್ವಲ್ಪ ಹೊತ್ತಾಗಿರಬೇಕು, ಬೀದಿಯ ತುದಿಯಿಂದ ಐದಾರು ಜನ ದೊಣ್ಣೆ ಹಿಡಿದು ಬರುವುದು ಕಾಣಿಸಿತು. ಮುಂದೆ ಇದ್ದವನು ಮುನಿಯಪ್ಪನ ಅಣ್ಣ ಚೌಡಪ್ಪ. ಬೆಳಗಿನ ರೈಲಿಗೆ ಬಂಗಾರಪೇಟೆಯಿಂದ ಹೊರಟು ಬಂದಿದ್ದರು.

"ಕಿಟ್ಟಣ್ಣ, ನೀನು ಪಕ್ಕಕ್ಕೆ ನಿಂತ್ಕ," ಎಂದ ಚೌಡಪ್ಪ. "ನಿಂಗೂ ನಮ್ಗೂ ಏನೂ ಇಲ್ಲ."

"ಚೌಡಪ್ಪ, ಕುತ್ಕೊಂಡು ಮಾತಾಡಾನ," ಎಂದೆ.

"ಮಾತಾಡಾಕೆ ನನ್ ತಮ್ಮುಂಗೆ ಬಾಯಿ ಎಲ್ಲೈತೆ? ಗಂಜಿ ಕುಡಿಯಾಕೂ ಆಯ್ತಾ ಇಲ್ಲ. ಬಟ್ಟೆ ಅದ್ದಿ ಬಾಯ್ಗೆ ಇಂಡ್ತಾವ್ಳೆ ನಮ್ಮವ್ವ."

ಮಾಸ್ಟರಿಗೆ ಆ ಮಾತು ಎಷ್ಟು ತಿಳಿಯಿತೋ. ಅವರು ಬೀಡಿ ಆರಿಸಿ ಪಕ್ಕಕ್ಕಿಟ್ಟರು. ಜಗಲಿಯಿಂದ ಇಳಿದು ಕೆಳಗೆ ಕುಕ್ಕರಗಾಲಲ್ಲಿ ಕುಳಿತು, ಬಲಗೈಯನ್ನು ಜಗಲಿಯ ಕಲ್ಲಿನ ಅಂಚಿನ ಮೇಲೆ ಉದ್ದಕ್ಕೆ ಚಾಚಿದರು.

"ಇದೇ ಕೈ," ಎಂದರು.

ಚೌಡಪ್ಪ ಒಂದು ಗಳಿಗೆ ಗೊಂದಲಕ್ಕೆ ಬಿದ್ದ. ತಾನು ಬೆನ್ನಟ್ಟಿ ಹೊಡೆಯಬೇಕಾದೀತು ಎಂದುಕೊಂಡು ಬಂದವನು. ಆಮೇಲೆ ಹಲ್ಲು ಕಚ್ಚಿ ದೊಣ್ಣೆಯನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ. ಮೊಣಕೈಯ ಮೂಳೆ ಮುರಿದದ್ದು ನನಗೆ ಕೇಳಿಸಿತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತೋ ಏನೋ. ಆದರೆ ರಕ್ತ ಕಂಡ ಮೇಲೆ ಜತೆಯವರು ನಿಲ್ಲಲಿಲ್ಲ. ಬೆನ್ನಿಗೆ, ಪಕ್ಕೆಗೆ, ಕೆಳಗೆ ಬಿದ್ದ ಮೇಲೆ ಹೊಟ್ಟೆಗೆ ಒದೆ. ನಾನು ನಡುವೆ ನುಗ್ಗಿ ಅವರ ಮೇಲೆ ಬೋರಲಾಗಿ ಬಿದ್ದೆ. ನನ್ನ ತಲೆಗೂ ಒಂದು ಬಿತ್ತು, ಕಣ್ಣು ಕತ್ತಲಿಟ್ಟಿತು. ನನ್ನ ಕೆಳಗೆ ಆ ಮನುಷ್ಯ ಒಂದು ಸಲವಾದರೂ ಕೂಗಬಾರದೇ? ಉಸಿರು ಮಾತ್ರ ಕೊಳಲಲ್ಲಿ ಗಾಳಿ ಹೋದಂತೆ ಹೋಗಿ ಬರುತ್ತಿತ್ತು.

ಆರೋಗ್ಯಮ್ಮ ಆಗ ಹೊರಗೆ ಬಂದಳು. ಕೈಯಲ್ಲಿ ಬಾಗಿಸಿದ ಗಂಜಿಯ ಪಾತ್ರೆ. ಕುದಿಯುವ ಗಂಜಿಯನ್ನು ಚೌಡಪ್ಪನ ಬೆನ್ನಿನ ಮೇಲೆ ಸುರಿದಳು. ಅವನು ಹಾಕಿದ ಕೂಗಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವನು ಅದನ್ನು ಕಿತ್ತುಕೊಳ್ಳಲು ಹೋದಾಗ ಚರ್ಮವೂ ಜತೆಗೆ ಬಂತು. ಜತೆಯವರು ಅವನನ್ನು ಎಳೆದುಕೊಂಡು ಓಡಿದರು. ಖಾಲಿ ಪಾತ್ರೆ ಹಿಡಿದುಕೊಂಡು ಅವಳು ಮಾಸ್ಟರ ತಲೆಯ ಹತ್ತಿರ ಕುಳಿತಳು.

ಪೊಲೀಸರು ಬಂದು ಕೇಳಿದಾಗ ಮಾಸ್ಟರು ಬಾವಿಕಟ್ಟೆಯ ಮೇಲಿಂದ ಬಿದ್ದೆ ಎಂದರು. ಚೌಡಪ್ಪನೂ ತನ್ನ ಬೆನ್ನಿಗೆ ನೀರೊಲೆಯ ಹಂಡೆ ಮಗುಚಿತು ಎಂದನಂತೆ. ಅಲ್ಲಿಗೆ ಅದು ಮುಗಿಯಿತು. ಮಾಸ್ಟರ ಬಲಗೈ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಮೊಣಕೈಯಲ್ಲಿ ಮಡಚಿಕೊಂಡು ಎದೆಯ ಮುಂದೆಯೇ ನಿಂತುಬಿಟ್ಟಿತು.

ಕೆಲವು ತಿಂಗಳಾದ ಮೇಲೆ ಅವರು ಶೆಡ್ಡಿಗೆ ಬಂದರು. ಎಡಗೈ ಎತ್ತಿದರು. ನಾವು ನುಡಿಸಿದೆವು. ಮುನಿಯಪ್ಪನ ಕುರ್ಚಿ ಖಾಲಿಯಿತ್ತು. ಅವನ ಭಾಗ ಬಂದಾಗ ಎಲ್ಲರೂ ವಾದ್ಯ ಇಳಿಸಿ ಸುಮ್ಮನೆ ಕಾಯುತ್ತಿದ್ದೆವು. ಮಾಸ್ಟರ ಎಡಗೈ ಮಾತ್ರ ಆಡುತ್ತಿತ್ತು. ಅದು ಮುಗಿದ ಮೇಲೆ ಕುಪ್ಪನ್ ಡ್ರಮ್ ಹೊಡೆಯುತ್ತಿದ್ದ. ಕುಪ್ಪನ್ ಅವರನ್ನು ಕ್ಷಮಿಸಿರಲಿಲ್ಲ. ಬರುತ್ತಿದ್ದ, ಹೊಡೆಯುತ್ತಿದ್ದ, ಮಾತಾಡದೆ ಹೋಗುತ್ತಿದ್ದ.

ಬಂಡೆ ಸಿಡಿದದ್ದು ಒಂದು ಬೆಳಿಗ್ಗೆ. ವರ್ಕ್‌ಶಾಪಿನಲ್ಲಿ ನನ್ನ ಕಾಲ ಕೆಳಗಿನ ನೆಲ ಒಮ್ಮೆ ಎತ್ತಿ ಹಾಕಿದಂತಾಯಿತು. ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳೆಲ್ಲ ಉದುರಿದವು. ಸೈರನ್ ಕೂಗುವ ಮೊದಲೇ ಲೈನ್ ಮನೆಗಳ ಹೆಂಗಸರು ಗಣಿಯ ಬಾಯಿಯ ಕಡೆ ಓಡುತ್ತಿದ್ದರು, ಕೆಲವರ ಕೈಯಲ್ಲಿ ಹಿಟ್ಟು ಇನ್ನೂ ಹಾಗೇ ಇತ್ತು. ಸಂಜೆಯ ಹೊತ್ತಿಗೆ ಕುಪ್ಪನ್‌ನನ್ನು ಮೇಲೆ ತಂದರು. ಹೆಗಲಿನವರೆಗೆ ಅವನು ಕುಪ್ಪನ್ನೇ. ಅದರಿಂದ ಕೆಳಗೆ ಗೋಣಿಚೀಲ ಸುತ್ತಿದ್ದರು. ಹೆಂಡತಿ ಚೀಲ ಬಿಚ್ಚಲು ಹೋದಳು. ನಾಲ್ಕು ಜನ ಹಿಡಿದುಕೊಳ್ಳಬೇಕಾಯಿತು. ಮಾಸ್ಟರು ಗುಂಪನ್ನು ತಳ್ಳಿಕೊಂಡು ಬಂದು, ಬಗ್ಗಿ, ಚೀಲದ ಅಂಚು ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಮತ್ತೆ ಮುಚ್ಚಿ ನಮ್ಮ ಕಡೆ ತಿರುಗಿ, "ನಾಳೆ ಎಲ್ಲರೂ ಬನ್ನಿ," ಎಂದರು.

ಮಾರನೆಯ ದಿನ ಮಣ್ಣಿಗೆ ಹೊರಟಾಗ ಬ್ಯಾಂಡಿನವರೆಲ್ಲ ಇದ್ದೆವು. ಡ್ರಮ್ ಹೊರುವವರು ಯಾರೂ ಇರಲಿಲ್ಲ. ಕುಪ್ಪನ್‌ನ ಮನೆಯ ಮುಂದೆ ಅದನ್ನು ನೆಲದ ಮೇಲೆ ಇಟ್ಟಿದ್ದೆವು. ಮಾಸ್ಟರು ಅದರ ಪಕ್ಕದಲ್ಲೇ ನಿಂತಿದ್ದರು. ಹೆಣ ಎತ್ತುವ ಹೊತ್ತಿಗೆ ಗುಂಪಿನಿಂದ ಮುನಿಯಪ್ಪ ಹೊರಬಂದ. ಅವನ ಮೇಲ್ದುಟಿ ಒಳಕ್ಕೆ ಕುಸಿದು, ವಯಸ್ಸಿಗೆ ಮೀರಿದ ಮುಖವಾಗಿತ್ತು. ಮಾಸ್ಟರ ಕಡೆ ನೋಡಲಿಲ್ಲ. ಡ್ರಮ್ಮಿನ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡ.

"ನೀನು ಬಾರಿಸ್ತೀಯಾ?" ಎಂದು ಕೇಳಿದೆ.

"ಕುಪ್ಪಣ್ಣ ನಂಗೋಸ್ಕರ ಇವ್ರ ಕೊಳ್ಪಟ್ಟಿ ಇಡಿದಿದ್ದ," ಎಂದ. ಹಲ್ಲಿಲ್ಲದ ಬಾಯಲ್ಲಿ ಮಾತು ಗಾಳಿಯಾಗಿ ಬರುತ್ತಿತ್ತು. "ಕೈ ಎತ್ಲಿ ಅಂತ ಏಳು ಅವ್ರಿಗೆ."

ಮಾಸ್ಟರು ಎಡಗೈ ಎತ್ತಿದರು.

ಲೈನ್ ಮನೆಗಳಿಂದ ಹೂಳುವ ಜಾಗದವರೆಗೂ, ಚಿನ್ನ ತೆಗೆದು ಉಳಿದ ಪುಡಿ ಸುರಿದಿದ್ದ ಸಯನೈಡ್ ದಿಬ್ಬದ ಬುಡದಲ್ಲಿ ಆ ಬೂದಿ ಮಣ್ಣಿನ ದಾರಿಯಲ್ಲಿ 'ಕೆಳಗಿನ ಪಾಟು' ನುಡಿಸುತ್ತ ನಡೆದೆವು. ಮುನಿಯಪ್ಪನ ತಾಯಿಯ ಧಾಟಿ ಬರುವ ಜಾಗದಲ್ಲಿ ನಾವೆಲ್ಲ ರೂಢಿಯಂತೆ ವಾದ್ಯ ಇಳಿಸಿದೆವು. ಹೆಜ್ಜೆಯ ಸದ್ದು, ಅಳುವ ಹೆಂಗಸರ ಸದ್ದು. ಮಾಸ್ಟರು ಹಿಮ್ಮುಖವಾಗಿ ನಡೆಯುತ್ತ ಎಡಗೈಯಿಂದ ಆ ಇಲ್ಲದ ಧಾಟಿಯನ್ನು ನಡೆಸುತ್ತಿದ್ದರು. ಮುನಿಯಪ್ಪ ಆ ಕೈಯನ್ನೇ ನೋಡುತ್ತಿದ್ದ. ಆಮೇಲೆ ಡ್ರಮ್ಮಿಗೆ ಬಿದ್ದ ಏಟನ್ನು ನಾನು ಯಾವ ಬ್ಯಾಂಡಿನಲ್ಲೂ ಕೇಳಿಲ್ಲ. ದಾರಿಯ ಪಕ್ಕದಲ್ಲಿದ್ದ ಹೆಂಗಸರು ನಿಜವಾಗಿಯೇ ಬಂಡೆ ಸಿಡಿಯಿತೆಂದು ನೆಲಕ್ಕೆ ಕುಳಿತರು. ಅವನು ಒಂದಕ್ಕೆ ನಿಲ್ಲಿಸಲಿಲ್ಲ. ಬರೆದದ್ದು ಒಂದೇ ಏಟು. ಅವನು ಹೊಡೆಯುತ್ತಲೇ ಹೋದ. ಮಾಸ್ಟರೂ ತಡೆಯಲಿಲ್ಲ. ಅವನು ಹೊಡೆದಷ್ಟಕ್ಕೂ ಎಡಗೈ ಇಳಿಸಿ ಇಳಿಸಿ ಕೊಟ್ಟರು, ಡ್ರಮ್ಮಿನ ತೊಗಲು ಹರಿಯುವವರೆಗೂ.

ಮಣ್ಣು ಮುಚ್ಚಿಯಾದ ಮೇಲೆ ಮುನಿಯಪ್ಪ ಪಟ್ಟಿ ತೆಗೆದು ಹರಿದ ಡ್ರಮ್ಮನ್ನು ಕೆಳಗಿಟ್ಟ. ನೇರ ಮಾಸ್ಟರ ಮುಂದೆ ಹೋಗಿ ನಿಂತು, ಎಲ್ಲರೂ ನೋಡುತ್ತಿರುವಾಗ, ಕೆನ್ನೆಗೆ ಬಾರಿಸಿದ. ಅವರು ಒಂದು ಹೆಜ್ಜೆ ಹಿಂದಕ್ಕೆ ಹೋದರು. ತುಟಿಯ ಕೊನೆಯಲ್ಲಿ ರಕ್ತ ಬಂತು.

"ಡ್ರಮ್ ಚೆನ್ನಾಗಿತ್ತು," ಎಂದರು.

ಅವರ ಬಾಯಿಂದ ಯಾರಾದರೂ ಅಂಥ ಮಾತು ಕೇಳಿದ್ದು ಅದೇ ಮೊದಲು. ಮುನಿಯಪ್ಪ ಮುಖ ಮುಚ್ಚಿಕೊಂಡು ಅಲ್ಲೇ ಕುಳಿತು ಅತ್ತ. ಅಂದಿನಿಂದ ಅವನು ಬ್ಯಾಂಡಿನ ಡ್ರಮ್ ಬಾರಿಸಿದ, ಬಹಳ ಕಾಲ ಬಾರಿಸಿದ. ಮಾಸ್ಟರ ಜತೆ ಮಾತ್ರ ಒಂದು ಮಾತೂ ಆಡಲಿಲ್ಲ.

ಮಾಸ್ಟರು ನಮ್ಮನ್ನು ಬಿಟ್ಟು ಹೋದದ್ದೂ ಹೊಡೆದಾಟದಿಂದಲೇ. ಗಣಿಯ ಅಧಿಕಾರಿಗಳ ಕ್ಲಬ್ಬಿನಲ್ಲಿ ಹೊರಗಿನಿಂದ ಬಂದ ಅತಿಥಿಗಳ ಮುಂದೆ ಒಮ್ಮೆ 'ಕೆಳಗಿನ ಪಾಟು' ನುಡಿಸಿದೆವು. ಮೌನದ ಜಾಗದಲ್ಲಿ ಒಬ್ಬ ಅತಿಥಿ, ಬ್ಯಾಂಡಿನವರು ಮರೆತುಬಿಟ್ಟರು ಎಂದುಕೊಂಡು ಚಪ್ಪಾಳೆ ತಟ್ಟಿ ನಕ್ಕ. ಮಾಸ್ಟರು ವೇದಿಕೆಯಿಂದ ಇಳಿದರು. ಅವನ ಟೈ ಹಿಡಿದೆಳೆದು ಮುಖವನ್ನು ಮೇಜಿಗೆ ಅಪ್ಪಳಿಸಿದರು. ಗಾಜಿನ ಲೋಟ ಒಡೆದು ಅವನ ಕೆನ್ನೆಗೆ ನಾಟಿತು. ಮರುದಿನವೇ ಕೆಲಸ ಹೋಯಿತು. ಅವರು ಅದಕ್ಕೆ ಯಾರನ್ನೂ ದೂರಲಿಲ್ಲ.

ಆರೋಗ್ಯಮ್ಮನನ್ನು ಕರೆದುಕೊಂಡು ಬಂಗಾರಪೇಟೆಗೆ ಬಂದರು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ. ಅವಳು ಇಡ್ಲಿ ಮಾಡಿ ಮಾರಿದಳು, ಅವರು ಮದುವೆ ಬ್ಯಾಂಡು ಕಟ್ಟಿದರು. ಪ್ಯಾರಿಸಿನಲ್ಲಿ ವಾದ್ಯಗೋಷ್ಠಿ ನಡೆಸಿದವರು ಸಿನಿಮಾ ಹಾಡು ನುಡಿಸುತ್ತ ಪೆಟ್ರೋಮ್ಯಾಕ್ಸಿನ ಹಿಂದೆ ನಡೆಯುವುದು ನನಗೆ ನೋಡಲಾಗುತ್ತಿರಲಿಲ್ಲ. ಅವರಿಗೆ ಹಾಗೇನೂ ಇದ್ದಂತಿರಲಿಲ್ಲ. ಒಂದು ಮೆರವಣಿಗೆಯಲ್ಲಿ ಕುಡಿದು ಕುಣಿಯುತ್ತಿದ್ದ ಗಂಡಿನ ಚಿಕ್ಕಪ್ಪ ಕ್ಲ್ಯಾರಿನೆಟ್ ಕಿತ್ತುಕೊಂಡು ಊದಲು ಹೋದ. ಮಾಸ್ಟರು ಅವನನ್ನು ಎಡಗೈಯಲ್ಲೇ ಚರಂಡಿಗೆ ಕೆಡವಿದರು. ಎರಡೂ ಕಡೆಯ ಬೀಗರು ಸೇರಿ ಬ್ಯಾಂಡಿನವರನ್ನು ಅಟ್ಟಿಸಿಕೊಂಡು ಹೊಡೆದರು. ಮರುದಿನ ನೋಡಲು ಹೋದರೆ ಹರಿದ ಅಂಗಿಯಲ್ಲಿ, ಊದಿದ ಕಣ್ಣಲ್ಲಿ, ಖುಷಿಯಾಗಿ ಬೀಡಿ ಸೇದುತ್ತಿದ್ದರು.

ಅಂಥ ಒಂದು ದಿನ ಕೇಳಿದೆ. "ಮಾಸ್ಟರೇ, ಮತ್ತೆ ಏನೂ ಬರೀಲಿಲ್ವಾ?"

"ಬರೆದರೆ ನುಡಿಸೋಕೆ ಜನ ಬೇಕು," ಎಂದರು. ತಲೆ ಓರೆ ಮಾಡಿ ನನ್ನನ್ನು ನೋಡಿದರು. "ಜನ ಇದ್ದರೆ ಹೊಡೀತೀನಿ."

ಮದುವೆ ಬ್ಯಾಂಡಿನ ಹುಡುಗರನ್ನು ಅವರು ಒಂದು ದಿನವೂ ಮುಟ್ಟಲಿಲ್ಲ ಎನ್ನುವುದು ಆಗ ನನಗೆ ಹೊಳೆಯಿತು. ಹುಡುಗರು ಏನು ತಪ್ಪು ನುಡಿಸಿದರೂ ಮಾಸ್ಟರು ತಲೆಯಾಡಿಸುತ್ತಿದ್ದರು.

ಕೊನೆಯಲ್ಲಿ ಶ್ವಾಸಕೋಶ ಕೈಕೊಟ್ಟಿತು. ಕೆಮ್ಮಿ ಕೆಮ್ಮಿ ಒಂದು ಬೆಳಿಗ್ಗೆ ತೀರಿಕೊಂಡರು. ಸುದ್ದಿ ತಿಳಿದು ನಾನು ಗಣಿಯ ಕಡೆ ಹೋಗುವ ಮಾರಿಕುಪ್ಪಂ ರೈಲಿನ ಗಾರ್ಡ್ ಕೈಲಿ ಕೆಲಸದ ಮೇಲಿದ್ದ ಮುನಿಯಪ್ಪನಿಗೆ ಹೇಳಿ ಕಳಿಸಿದೆ, ಬರುತ್ತಾನೆಂಬ ನಂಬಿಕೆಯಿಂದೇನಲ್ಲ. ಮದುವೆ ಬ್ಯಾಂಡಿನವರು ಕೆಂಪು ಕೋಟು ತೊಟ್ಟು ವಾದ್ಯ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದರು. ಅವರನ್ನು ಕಂಡು ಆರೋಗ್ಯಮ್ಮ ಹೊರಗೆ ಬಂದಳು.

"ಬೇಡಪ್ಪ," ಎಂದಳು. "ಬರೀ ಹಿಡ್ಕೊಂಡು ನಡೀರಿ. ಇವತ್ತೊಂದು ದಿನ ಅವರ ಕಿವೀಗೆ ಏನೂ ಬೀಳೋದು ಬೇಡ."

ಹಾಗೆಯೇ ಹೋದೆವು. ಗುಂಡಿಯ ಹತ್ತಿರ ಮುನಿಯಪ್ಪ ಬಂದು ನಿಂತಿದ್ದ. ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿದ. ಕೈ ಒರೆಸಿಕೊಂಡು ನಮ್ಮ ಜತೆ ಆರೋಗ್ಯಮ್ಮನ ಮನೆಗೆ ಬಂದ.

ಒಲೆ ಹಚ್ಚಿರಲಿಲ್ಲವಾದ್ದರಿಂದ ನನ್ನ ಹೆಂಡತಿ ನಮ್ಮ ಮನೆಯಿಂದ ಮುದ್ದೆ, ಹುರುಳಿಕಾಳಿನ ಸಾರು ತಂದಿದ್ದಳು. ಆರೋಗ್ಯಮ್ಮ ತಾನೇ ಬಡಿಸುತ್ತೇನೆಂದು ಹಟ ಮಾಡಿ ಬಡಿಸಿದಳು. ಮುನಿಯಪ್ಪನ ತಟ್ಟೆಯ ಮುಂದೆ ಬಂದಾಗ ನಿಂತಳು. ಚೌಡಪ್ಪನ ಮೇಲೆ ಗಂಜಿ ಸುರಿದ ದಿನದ ನಂತರ ಅವಳೂ ಮುನಿಯಪ್ಪನೂ ಎದುರುಬದುರಾದದ್ದು ಅದೇ ಮೊದಲು.

"ನಿಮ್ಮಣ್ಣ ಹೇಗಿದಾರೆ?" ಎಂದಳು.

"ಬೆನ್ನು ಇನ್ನಾ ಎಳೀತೈತೆ ಅಂತಾನೆ ಅಕ್ಕ. ಬಿಸ್ಲಾಗೆ ಗೇಯಾಕಾಗಲ್ಲ."

"ಇವರ ಕೈನೂ ಪೆಟ್ಟಿಗೆಯಲ್ಲಿ ನೆಟ್ಟಗೆ ಇಡೋಕಾಗಲಿಲ್ಲಪ್ಪ. ಮಡಚಿಕೊಂಡೇ ಹೋಯ್ತು."

ಮುನಿಯಪ್ಪ ತಲೆಯಾಡಿಸಿದ. ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದ. ಇನ್ನೊಂದು ತುತ್ತು ನುಂಗಿದ. ಆಮೇಲೆ ತಟ್ಟೆಯಿಂದ ಕಣ್ಣೆತ್ತದೆ, "ಕಡೇಗೆ ಏನಾರ ಅಂದ್ರಾ ಅಕ್ಕ?" ಎಂದು ಕೇಳಿದ.

"ನಿನಗೆ ಅಂತ ಏನೂ ಅನ್ನಲಿಲ್ಲ," ಎಂದಳು ಆರೋಗ್ಯಮ್ಮ. "ಬೆಳಿಗ್ಗೆಯಿಂದ ನಿಮ್ಮವ್ವನ ರಾಗಿ ಬೀಸೋ ಪಾಟೇ ಗುನುಗುತಾ ಇದ್ದರು. ಆ ಉದ್ದದ ಜಾಗದಲ್ಲಿ ಅವರಿಗೂ ಉಸಿರು ಸಾಲಲಿಲ್ಲ."

ಮುನಿಯಪ್ಪ ತಟ್ಟೆಯಲ್ಲಿದ್ದ ಮುದ್ದೆಯನ್ನೆಲ್ಲ ನುಂಗಿ ಮುಗಿಸಿದ. ಆಮೇಲೆ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದ. ಅವಳು ಇನ್ನರ್ಧ ಮುದ್ದೆ ಹಾಕಿದಳು.